ಸಾವಿರ ಕ್ಯಾಲೊರಿ ಡಬ್ಬಿ: ಎರಡು ತಿಂಗಳು ತಿಂದು ಬರೆಯುತ್ತಿದ್ದೇನೆ

ಹೆಸರು ಹಾಕುವುದಿಲ್ಲ. ಬೆಂಗಳೂರಲ್ಲಿ ಇಂಥ ಡಯಟ್ ಊಟದವರು ಈಗ ಬೇಕಾದಷ್ಟಿದ್ದಾರೆ, ನಾನು ನೋಡಿದ ಮಟ್ಟಿಗೆ ಮೆನುವೂ ಹೆಚ್ಚುಕಡಿಮೆ ಒಂದೇ. ಮೂರು ಹೊತ್ತಿನ ಊಟ ಬಾಗಿಲಿಗೆ ಬರುತ್ತೆ, ಮುಚ್ಚಳದ ಮೇಲೆ ಕ್ಯಾಲೊರಿ ಚೀಟಿ ಇರುತ್ತೆ, ವಾರಕ್ಕೊಮ್ಮೆ ಕೋಚ್ ಫೋನ್ ಮಾಡುತ್ತಾರೆ. ನಾನು ತಗೊಂಡಿದ್ದು ದಿನಕ್ಕೆ 1000 ಕ್ಯಾಲೊರಿ ಪ್ಲಾನ್, ತಿಂಗಳಿಗೆ 9,000 ರೂಪಾಯಿ. ವಯಸ್ಸು 41, ಎತ್ತರ 158 ಸೆಂ.ಮೀ., ಆಗ ತೂಕ 74 ಕೆಜಿ, ದಿನವಿಡೀ ಕೂತು ಮಾಡುವ ಕೆಲಸ.

ಮೊದಲು ಊಟದ ಮಾತು. ರುಚಿ ಪರವಾಗಿಲ್ಲ. ಹೆಸರುಬೇಳೆ ದೋಸೆ ನಿಜಕ್ಕೂ ಚೆನ್ನಾಗಿತ್ತು, ಸೊಪ್ಪಿನ ಸಾರೂ ಮನೆಯದರ ಹಾಗೇ ಇತ್ತು. ಮುದ್ದೆ ಮಾತ್ರ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ತೆಗೆದು ನೋಡಿದ ನಮ್ಮತ್ತೆ "ಇದು ಮಗೂಗಾ?" ಅಂದರು. ಪನೀರ್ ಅಂತ ಬರೆದ ದಿನ ಎಣಿಸಿ ನಾಲ್ಕು ತುಂಡು. ಡಬ್ಬಿ ಬರೋದು ಮಧ್ಯಾಹ್ನ ಒಂದು ಗಂಟೆ ಅಂತಾರೆ, ಎರಡೂವರೆಗೆ ಬಂದ ದಿನಗಳೂ ಇವೆ, ಅಷ್ಟೊತ್ತಿಗೆ ಆಫೀಸಿನ ಪಕ್ಕದವರ ಚಕ್ಕುಲಿ ನನ್ನ ಹೊಟ್ಟೆ ಸೇರಿರುತ್ತಿತ್ತು.

ಈಗ ತೂಕ. ಮೊದಲ ಹತ್ತು ದಿನದಲ್ಲಿ 2.8 ಕೆಜಿ ಇಳಿಯಿತು. ಕುಣಿದುಬಿಟ್ಟೆ. ಅದರಲ್ಲಿ ಹೆಚ್ಚಿನದು ನೀರು ಅಂತ ಆಮೇಲೆ ಗೊತ್ತಾಯ್ತು. ಮೈಯಲ್ಲಿ ಕೂಡಿಟ್ಟ ಪಿಷ್ಟದ ಒಂದೊಂದು ಗ್ರಾಂ ಜೊತೆಗೂ ಸುಮಾರು ಮೂರು ಗ್ರಾಂ ನೀರು ಇರುತ್ತೆ, ಊಟ ಕಡಿಮೆಯಾದಾಗ ಮೊದಲು ಖಾಲಿಯಾಗೋದು ಅದೇ. ಮುಂದಿನ ಒಂದು ತಿಂಗಳಲ್ಲಿ ಇಳಿದಿದ್ದು ಬರೀ ಒಂದು ಕೆಜಿ. ಕೈಕಾಲು ತಣ್ಣಗೆ, ಸಿಡಿಮಿಡಿ, ಸಂಜೆ ಆಫೀಸಿಂದ ಬಂದವಳು ಸೋಫಾ ಬಿಟ್ಟು ಏಳುತ್ತಿರಲಿಲ್ಲ.

ಕೋಚ್‌ಗೆ ಹೇಳಿದೆ. "ಮೇಡಂ, ನಿಮ್ಮ ಮೆಟಬಾಲಿಸಂ ನಿಂತುಹೋಗಿದೆ, ಇನ್ನೂ 100 ಕ್ಯಾಲೊರಿ ಕಡಿಮೆ ಮಾಡೋಣ, ಜೊತೆಗೆ ನಮ್ಮದೇ ಬೂಸ್ಟರ್ ಪುಡಿ ಇದೆ, 1,800 ರೂಪಾಯಿ" ಅಂದರು. ಅಲ್ಲ, ಮೆಟಬಾಲಿಸಂ ಅಂದರೆ ಮೈ ಕ್ಯಾಲೊರಿ ಸುಡೋ ಕೆಲಸ, ಅದು ನಿಂತರೆ ಮನುಷ್ಯ ಬದುಕಿರ್ತಾನಾ? ಅಲ್ಲಿಗೆ ನನ್ನ ತಲೆ ಕೆಟ್ಟಿತು.

ಮಿಫ್ಲಿನ್ ಸೂತ್ರ ಅಂತ ಒಂದಿದೆ, 1990ರದು. ತೂಕ, ಎತ್ತರ, ವಯಸ್ಸು ಹಾಕಿದರೆ ಸುಮ್ನೆ ಮಲಗಿದ್ದರೂ ಮೈ ಎಷ್ಟು ಸುಡುತ್ತೆ ಅಂತ ಅಂದಾಜು ಕೊಡುತ್ತೆ. ನನಗೆ ಬಂದಿದ್ದು ಸುಮಾರು 1360. ಓಡಾಟ ಸೇರಿದರೆ 1850ರ ಆಸುಪಾಸು. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7700 ಕ್ಯಾಲೊರಿ. ನಾನು ನಿಜವಾಗಿ 1000 ಮಾತ್ರ ತಿಂದಿದ್ದರೆ ತಿಂಗಳಿಗೆ ಮೂರು ಕೆಜಿ ಮೇಲೆ ಇಳಿಯಬೇಕಿತ್ತು. ಊಟ ಕಡಿಮೆಯಾದಾಗ ಮೈ ಸ್ವಲ್ಪ ಜಿಪುಣತನ ಮಾಡುತ್ತೆ, ಒಪ್ಪಿಕೊಂಡೆ. ಆದರೂ ಲೆಕ್ಕ ಕೂಡಲಿಲ್ಲ.

ಆಗ ತಂದೆ ನೋಡಿ, ಅಡುಗೆಮನೆ ತೂಕದ ಮಷೀನು. ಗಂಡ "ಇದೇನು ಬಂಗಾರದಂಗಡಿನಾ?" ಅಂತ ನಕ್ಕರು. ಖಾಲಿ ಬಟ್ಟಲಿಟ್ಟು ಸೊನ್ನೆ ಮಾಡಿಕೊಂಡು ಡಬ್ಬಿಯ ಅನ್ನ ಹಾಕಿದೆ. ಚೀಟಿಯಲ್ಲಿ 100 ಗ್ರಾಂ, ಮಷೀನಿನಲ್ಲಿ 138. ಸರಿ, ಐವತ್ತು ಕ್ಯಾಲೊರಿ ಜಾಸ್ತಿ, ದೊಡ್ಡ ವಿಷಯವಲ್ಲ. ಆಮೇಲೆ ನನ್ನ ಕೈ ತೂಗಿದೆ. ಸಂಜೆ ಟಿವಿ ಮುಂದೆ "ಸುಮ್ನೆ ಒಂದು ಹಿಡಿ" ಅಂತ ತಿನ್ನುವ ಕಡಲೆಕಾಯಿ ಬೀಜ 32 ಗ್ರಾಂ, ಅಂದರೆ ಸುಮಾರು 180 ಕ್ಯಾಲೊರಿ, ಮುದ್ದೆಯ ಡಬ್ಬಿಗಿಂತ ಜಾಸ್ತಿ! ಎರಡು ಲೋಟ ಕಾಫಿ, ಮಗಳು ಬಿಟ್ಟ ಅರ್ಧ ಪರೋಟ, ಭಾನುವಾರದ ಚಿತ್ರಾನ್ನ. ಆ ಚಿತ್ರಾನ್ನದ ಒಗ್ಗರಣೆಗೆ ಬಾಟಲಿಯಿಂದ ಕಣ್ಣಳತೆಯಲ್ಲಿ ಸುರಿಯೋ ಎಣ್ಣೆ 38 ಗ್ರಾಂ, ಬರೀ ಎಣ್ಣೆಯದೇ 340 ಕ್ಯಾಲೊರಿ. ನಾಲ್ಕು ಜನ ಹಂಚಿಕೊಳ್ಳುತ್ತೇವೆ, ನಿಜ, ಬಾಣಲೆ ಕೆರೆಯೋದು ಮಾತ್ರ ನಾನು. ಇನ್ನು ಫೋನು ಎಣಿಸಿದ ಹೆಜ್ಜೆ ನೋಡಿದೆ: ಡಬ್ಬಿ ಶುರುವಾಗೋ ಮುಂಚೆ ದಿನಕ್ಕೆ 7,000, ಈಗ 3,500. ಅರೆಹೊಟ್ಟೆ ನನ್ನನ್ನು ಸೋಫಾಗೆ ಅಂಟಿಸಿತ್ತು, ಕೈ ಮಾತ್ರ ಡಬ್ಬದಿಂದ ಡಬ್ಬಕ್ಕೆ ಓಡಾಡುತ್ತಿತ್ತು.

ಇನ್ನು ಕೋಚ್ ಹೇಳಿದ "ನಿಂತುಹೋಗಿದೆ" ಮಾತು. 1944-45ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವವರು 36 ಗಂಡಸರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರು. ಮೈ ಸುಡೋದು ಚೆನ್ನಾಗಿಯೇ ನಿಧಾನವಾಯ್ತು, ಆದರೆ ನಿಲ್ಲಲಿಲ್ಲ, ತೂಕದಲ್ಲಿ ಕಾಲು ಭಾಗ ಕರಗಿ ಮೂಳೆ ಚಕ್ಕಳ ಆದರು. ಸದಾ ಚಳಿ, ಸುಸ್ತು, ತಲೆ ತುಂಬ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರಂತೆ. ಓದಿ ನಗು ಬಂತು, ಯಾಕಂದರೆ ಆಗ ನಾನು ರಾತ್ರಿ ಹನ್ನೊಂದಕ್ಕೆ ಯೂಟ್ಯೂಬಿನಲ್ಲಿ ಒಬ್ಬಟ್ಟು ತಟ್ಟೋದು ನೋಡುತ್ತಿದ್ದೆ.

ಎರಡನೇ ತಿಂಗಳು ಮುಗಿದ ಮೇಲೆ ಡಬ್ಬಿ ನಿಲ್ಲಿಸಿದೆ. ಈಗ ಮನೆ ಊಟವೇ, 1500 ಕ್ಯಾಲೊರಿ, ಎಣ್ಣೆ ಚಮಚದಲ್ಲಿ. ಬೆಳಿಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ಕಾಳಿನ ಹುಳಿ ಗಟ್ಟಿಯಾಗಿ. ಪ್ರೋಟೀನ್ ಅರಗಿಸೋಕೇ ಮೈ ಅದರ ಕ್ಯಾಲೊರಿಯಲ್ಲಿ 20-30 ಶೇಕಡ ಖರ್ಚು ಮಾಡುತ್ತೆ, ಹೊಟ್ಟೆಯೂ ಬೇಗ ಹಸಿಯಲ್ಲ. ಹತ್ತು ವಾರದಲ್ಲಿ 3.2 ಕೆಜಿ. ನಿಧಾನವೇ, ಆದರೆ ಸಂಜೆ ವಾಕಿಂಗ್ ಹೋಗೋಕೆ ಕಾಲು ಬರುತ್ತೆ.

ಹಾಗಂತ ಡಬ್ಬಿ ಪೂರ್ತಿ ದಂಡ ಅಂತಲ್ಲ. ಒಬ್ಬರೇ ಇರುವವರು, ಅಡುಗೆ ಬಾರದವರು ತಗೊಳ್ಳಬಹುದು, ಆದರೆ 1500ರ ಪ್ಲಾನ್ ಕೇಳಿ, ಅವರಲ್ಲಿ ಅದೂ ಇದೆ, ತಾವಾಗಿ ಹೇಳಲ್ಲ. ಶುಗರ್, ಥೈರಾಯ್ಡ್ ಇರುವವರು ಡಾಕ್ಟರನ್ನು ಕೇಳದೆ ಸಾವಿರದ್ದಕ್ಕೆ ಕೈ ಹಾಕಬೇಡಿ. ಪುಡಿಯಂತೂ ಬೇಡವೇ ಬೇಡ.

ಊಟಕ್ಕೆ ಮೂರು ಸ್ಟಾರ್, ಟೈಮಿಗೆ ಎರಡು, ಫೋನ್ ಸಲಹೆಗೆ ಒಂದೂ ಕೊಡಲ್ಲ. ಡಬ್ಬಿಗಳು ಮಾತ್ರ ಗಟ್ಟಿ, ವಾಪಸ್ ಕೇಳಲಿಲ್ಲ, ಒಂದರಲ್ಲಿ ಈಗ ಸಾರಿನ ಪುಡಿ ಇದೆ.