ಆಣೆ ಹಾಕದೆ ಹೇಳಿದ ದಿನಕ್ಕೆ ಗಾಡಿ ಕೊಟ್ರು: ಕುಂಬಳೆ ಹತ್ರದ ಸ್ಕೂಟರ್ ಗ್ಯಾರೇಜ್

ನನ್ನ ಆಕ್ಟಿವಾದ ಬೆಲ್ಟ್ ಕಟ್ಟಾಗಿತ್ತು, ಮೊದಲು ಬೇರೆ ಒಂದು ಕಡೆ ಕೊಟ್ಟಿದ್ದೆ, ಅಲ್ಲಿ "ದೇವರಾಣೆ ನಾಳೆ ಕೊಡ್ತೇನೆ" ಅಂತ ಮೂರು ಸಲ ಹೇಳಿ ಒಂಬತ್ತು ದಿನ ಇಟ್ಕೊಂಡ್ರು, ಕೊನೆಗೆ ಪಿಕಪ್‌ನಲ್ಲಿ ಹಾಕಿ ಹೈವೇ ಪಕ್ಕದ ಈ ಗ್ಯಾರೇಜಿಗೆ ತಂದೆ. ಓನರಿಗೆ ಅರುವತ್ತು ದಾಟಿದೆ, ನಮ್ಮ ಇಗರ್ಜಿಯವ್ರೇ. "ಗುರುವಾರ ಮೂರು ಗಂಟೆಗೆ ಬನ್ನಿ" ಅಂದ್ರು, ಅಷ್ಟೆ, ಆಣೆಗೀಣೆ ಇಲ್ಲ. ಮತ್ತಾಯ 5ರಲ್ಲಿ ಯೇಸುಸ್ವಾಮಿ ಹೇಳಿದ್ದೂ ಅದೇ ಅಲ್ವಾ, ಆಣೆ ಇಡ್ಲೇಬೇಡಿ, ಹೌದಾದ್ರೆ ಹೌದು ಅಲ್ಲಾದ್ರೆ ಅಲ್ಲ ಅನ್ನಿ ಅಂತ.

ಗುರುವಾರ ನಾನು ಎರಡೂವರೆಗೇ ಹೋಗಿ ಕೂತೆ. ಕೆಲಸದ ಹುಡುಗ ಪುಲ್ಲಿ ನಟ್ಟು ಬಿಗಿ ಮಾಡ್ತಿದ್ದ, ಸ್ಪ್ಯಾನರ್ ಜಾರಿ ಬೆರಳಗಂಟು ಎಂಜಿನಿಗೆ ಬಡೀತು, ಕಪ್ಪು ಗ್ರೀಸ್ ಮೇಲೆ ರಕ್ತ ಇಳೀತು, ಬಾಯಿಂದ ಮಲಯಾಳದ ಒಂದು ಕೆಟ್ಟ ಮಾತು ಹೊರಬಂತು. ಪಕ್ಕದಲ್ಲಿ ಕೂತ ಕಸ್ಟಮರ್ ಒಬ್ರು, ಅವ್ರೂ ಕ್ರೈಸ್ತರೇ, ಗೋಡೆ ಮೇಲೆ ಅಂಟಿಸಿದ ಎಫೆಸ 4:29 ತೋರ್ಸಿ ಕೆಟ್ಟ ಮಾತು ಬಾಯಲ್ಲಿ ಬರ್ಬಾರ್ದು ಅಂತ ಉಂಟಲ್ಲ, ಇವನನ್ನು ಯಾಕೆ ಇಟ್ಕೊಂಡಿದ್ದೀರಿ ಅಂತ ಶುರು ಮಾಡಿದ್ರು. ಓನರ್ "ಅವ ಯಾರಿಗೆ ಬೈದ ಮಾರಾಯ್ರೆ? ಮೊದಲು ಕೈ ತೊಳೀಲಿ" ಅಂದು ತಾವೇ ನೀರು ಹುಯ್ದು ಬಟ್ಟೆ ಕಟ್ಟಿದ್ರು.

ಸ್ವಲ್ಪ ಹೊತ್ತಿಗೆ ದಿನಾ ಬರುವ ಲಾಟರಿ ಮಾರುವವರು ಬಂದ್ರು, ಕಾಲು ಎಳೆದು ನಡೀತಾರೆ, ಹುಡುಗ ಅವ್ರ ಕಾಲಿನ ಮೇಲೆ ಒಂದು ಮಾತು ಅಂದ. ಅದ್ರಲ್ಲಿ ಅಶ್ಲೀಲ ಏನೂ ಇಲ್ಲ. ಆದ್ರೂ ಓನರ್ ಕೆಲಸ ನಿಲ್ಲಿಸಿದ್ರು, "ಮಗಾ, ಹೋಗಿ ಕ್ಷಮೆ ಕೇಳಿ ಬಾ" ಅಂತ ಹೈವೇ ಬದಿವರೆಗೆ ಕಳಿಸಿದ್ರು, ಅವ ವಾಪಸ್ ಬರುವವರೆಗೆ ನನ್ನ ಗಾಡಿ ಮುಟ್ಲಿಲ್ಲ.

ನನಗೆ ಇದು ಸರಿ ಅಂತಲೇ ಕಾಣ್ತದೆ. ಸಂತ ಪೌಲನೇ ಫಿಲಿಪ್ಪಿ 3:8ರಲ್ಲಿ ಬಳಸಿದ ಗ್ರೀಕ್ ಶಬ್ದಕ್ಕೆ ಕಸ, ಸಗಣಿ ಅಂತೆಲ್ಲ ಅರ್ಥ ಉಂಟು, ಒರಟು ಶಬ್ದವೇ, ಆದ್ರೆ ಯಾವ ಮನುಷ್ಯನ ಮೇಲೂ ಎಸೆದದ್ದಲ್ಲ. ಯಕೋಬನ ಪತ್ರದ 3ನೇ ಅಧ್ಯಾಯ ಕೇಳುವುದೇ ಬೇರೆ, ದೇವರನ್ನು ಸ್ತುತಿಸುವ ಬಾಯಲ್ಲೇ ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯನನ್ನು ಶಪಿಸ್ತೀರಲ್ಲ ಅಂತ. ನೋವಿಗೆ ಬಂದ ಮಾತನ್ನು ನಾನು ಒಳ್ಳೇದು ಅನ್ನುವುದಿಲ್ಲ, ಆ ಅಭ್ಯಾಸ ಬಿಡ್ಲೇಬೇಕು, ಆದ್ರೆ ಅದಕ್ಕಿಂತ ದೊಡ್ಡ ತಪ್ಪು ಆ ಕಾಲಿನ ಮಾತು, ಮತ್ತೆ ಮೂರು ಸಲ ಸುಳ್ಳಿಗೆ ದೇವರ ಹೆಸರು ಹಿಡಿದದ್ದು. ಯೇಸುಸ್ವಾಮಿಯ ಶಿಷ್ಯ ಪೇತ್ರನೂ ಅವ್ರ ಬಗ್ಗೆ ಹಾಗೇ ಆಣೆಯಿಟ್ಟು "ಆ ಮನುಷ್ಯ ನನಗೆ ಗೊತ್ತೇ ಇಲ್ಲ" ಅಂದದ್ದು, ಆಮೇಲೆ ಅತ್ತದ್ದು. ನಾನು ಸಿಟ್ಟಲ್ಲಿ ನನ್ನ ಮಗನಿಗೆ ಹೇಳಿದ ಕೆಲವು ಮಾತು ಅಲ್ಲಿ ಕೂತಾಗ ನೆನಪಾಗಿ ಸಂಕಟ ಆಯ್ತು.

ಗಾಡಿ ಮೂರೂ ಹತ್ತಕ್ಕೆ ರೆಡಿ. ಬೆಲ್ಟ್, ರೋಲರ್, ಆಯಿಲ್ ಎಲ್ಲ ಸೇರಿ 1,650 ರೂಪಾಯಿ, ಹಳೇ ಬೆಲ್ಟ್ ಕೈಗೇ ಕೊಟ್ರು. ಬಿಲ್ ಕೊಡುವುದಿಲ್ಲ, ಮಳೆ ಬಂದ್ರೆ ಮಾಡಿನ ಶೀಟ್ ಸೋರ್ತದೆ, ಅದಕ್ಕೆ ಒಂದು ಸ್ಟಾರ್ ಕಡಿಮೆ. ಆದಿತ್ಯವಾರ ಬಂದ್, ಫೋನ್ ಎತ್ತುವುದು ಕಡಿಮೆ, ಬೆಳಿಗ್ಗೆ ಒಂಬತ್ತಕ್ಕೆ ಸೀದಾ ಹೋಗಿ.