ಅರಳಿ ಎಲೆಗೆ ಹಿನ್ನೆಲೆ: ಹಳೇ ಹಿತ್ತಾಳೆಯೋ, ಹಳೇ ಮರವೋ, ಹಳೇ ಬಟ್ಟೆಯೋ?

ಹಳೇ ವಸ್ತುಗಳಿಂದ ಗೋಡೆಗೊಂದು ಬೌದ್ಧ ಅಲಂಕಾರ ಮಾಡಲು ಹೊರಟಿದ್ದೆ. ಅದರಲ್ಲಿ ಅರಳಿ ಎಲೆಯ ಹಿಂದೆ ಏನಿರಬೇಕು ಅನ್ನುವುದೇ ಪ್ರಶ್ನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಬಟ್ಟೆಗೆ. ಹಿತ್ತಾಳೆ ತಟ್ಟೆಗೆ ದುಡ್ಡು ಕೊಟ್ಟೆ, ಮರದ ಹಲಗೆಯನ್ನು ಹೊತ್ತು ತಂದೆ, ಬಟ್ಟೆ ಮಾತ್ರ ಬೀರುವಿನಲ್ಲೇ ಇತ್ತು. ಮೂರರಲ್ಲೂ ಕೆಲಸ ಮಾಡಿ ನೋಡಿದ ಮೇಲೆ ಗೋಡೆಯಲ್ಲಿ ಉಳಿದಿರುವುದು ಬಟ್ಟೆಯದ್ದೇ.

ನನಗೆ ಬೇಕಿದ್ದದ್ದು ಗೋಡೆಗೆ ತೂಗುಹಾಕುವ ಒಂದು ಅಲಂಕಾರ. ಬುದ್ಧನ ಬೋಧನೆಯ ಸಂಕೇತವಾದ ಧರ್ಮಚಕ್ರ, ಎಂಟು ಕಡ್ಡಿಗಳದ್ದು, ಅದರ ಮೇಲೆ ನರಗಳಷ್ಟೇ ಉಳಿದ ಅರಳಿ ಎಲೆ. ಬುದ್ಧನ ಮುಖ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಮುಖ ಸರಿಯಾಗಿ ಬರಬೇಕಾದರೆ ಕೈ ಪಳಗಿರಬೇಕು. ಚೂರುಪಾರು ಸೊಟ್ಟಗಾದರೂ ನೋಡಲು ಕಷ್ಟ. ಅದೂ ಅಲ್ಲದೆ ಸಾಂಚಿ ಸ್ತೂಪದ ತೋರಣಗಳನ್ನು, ಅಂದರೆ ಕಲ್ಲಿನ ಹೆಬ್ಬಾಗಿಲುಗಳನ್ನು, ಕೆತ್ತಿದವರು ಬುದ್ಧನ ಆಕೃತಿಯನ್ನು ಎಲ್ಲೂ ತೋರಿಸಿಲ್ಲ. ಬೋಧಿವೃಕ್ಷ, ಚಕ್ರ, ಪಾದದ ಗುರುತು, ಖಾಲಿ ಪೀಠ ಇಷ್ಟರಲ್ಲೇ ಅವರು ಎಲ್ಲ ಹೇಳಿದ್ದಾರೆ. ಸಾರನಾಥದ ಅಶೋಕ ಸ್ತಂಭದ ಸಿಂಹಗಳ ಕೆಳಗಿರುವ ಚಕ್ರದಲ್ಲಿ 24 ಕಡ್ಡಿಗಳಿವೆ, ಆದರೆ ಕೈಕೆಲಸಕ್ಕೆ ಬುದ್ಧ ಹೇಳಿದ ಅಷ್ಟಾಂಗ ಮಾರ್ಗವನ್ನು ಹೇಳುವ ಎಂಟೇ ಸುಲಭ. ದುಂಡಗೆ ಕತ್ತರಿಸಿದ ಕಾಗದವನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಡಿಸಿದರೆ ಎಂಟು ಗೆರೆಗಳು ತಾನಾಗಿಯೇ ಸಿಗುತ್ತವೆ. ಅಳತೆಪಟ್ಟಿಯೂ ಬೇಡ.

ಎಲೆ ಮೂರಕ್ಕೂ ಒಂದೇ ಥರದ್ದು. ಬಲಿತ, ಆದರೆ ಇನ್ನೂ ಒಣಗಿರದ ಅರಳಿ ಎಲೆಗಳನ್ನು ಕೆಲವು ವಾರ ನೀರಿನಲ್ಲಿ ನೆನೆಹಾಕಬೇಕು. ಆಗಾಗ ನೀರು ಬದಲಿಸದಿದ್ದರೆ ವಾಸನೆ ತಡೆಯೋಕಾಗಲ್ಲ. ಹಸಿರು ಭಾಗ ಲೋಳೆಯಾದಾಗ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿದರೆ ನರಗಳ ಜಾಲ ಉಳಿಯುತ್ತದೆ. ಬುಡದಿಂದ ತುದಿಯ ಕಡೆಗೇ ಉಜ್ಜಿ. ಅರಳಿ ಎಲೆಯ ಆ ಉದ್ದ ಬಾಲವೇ ಅದರ ಚೆಂದ, ಮೊದಲು ಮುರಿಯುವುದೂ ಅದೇ. ವಾಷಿಂಗ್ ಸೋಡಾ ಹಾಕಿ ಕುದಿಸಿದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ, ಆದರೆ ಸಣ್ಣ ನರಗಳು ಸೊರಗಿಬಿಡುತ್ತವೆ. ನಾನಂತೂ ನೀರಿನ ದಾರಿಯನ್ನೇ ಹಿಡಿದೆ.

ಈಗ ಹಿತ್ತಾಳೆಗೆ ಬರೋಣ. ನನ್ನ ತಲೆ ತಿಂದಿದ್ದು ಇದೇ.

ಹಳೇ ಸಾಮಾನಿನ ಅಂಗಡಿಯಲ್ಲಿ ಕಪ್ಪಾಗಿದ್ದ ಅಗಲವಾದ ತಟ್ಟೆ ಕಂಡಾಗ ಆಸೆಯಾಗದೇ ಇರುತ್ತದಾ? ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೊಳಪು ಬರುತ್ತದೆ, ದುಂಡಗಿನ ಆಕಾರ ಚಕ್ರಕ್ಕೆ ಹೇಳಿ ಮಾಡಿಸಿದ ಹಾಗಿದೆ. ನನಗೆ ಸಿಕ್ಕಿದ್ದು ಗಟ್ಟಿ ಹಿತ್ತಾಳೆಯೇ. ಅಲ್ಲೇ ಹಿತ್ತಾಳೆ ಅಂತ ಇಟ್ಟಿದ್ದ ಇನ್ನೊಂದಕ್ಕೆ ಮಾತ್ರ ಆಯಸ್ಕಾಂತ ಪಟ್ಟನೆ ಕಚ್ಚಿಕೊಂಡಿತು. ಕಬ್ಬಿಣದ ಮೇಲೆ ಬರೀ ಲೇಪ. ಆದ್ದರಿಂದ ಜೇಬಿನಲ್ಲಿ ಒಂದು ಆಯಸ್ಕಾಂತ ಇರಲಿ.

ತೊಂದರೆ ಶುರುವಾಗಿದ್ದು ಎಲೆ ಅಂಟಿಸಿದ ಮೇಲೆ. ಹೊಳೆಯುವ ಲೋಹದ ಮೇಲೆ ಬೂದುಬಣ್ಣದ ಜಾಲರಿ ಎಲೆ, ಮೊದಲ ವಾರ ಕಣ್ಣು ಕೀಳಲಾಗದಷ್ಟು ಚೆನ್ನಾಗಿತ್ತು. ಆಮೇಲೆ ನಡುನರದ ಪಕ್ಕದಲ್ಲಿ ಕೂದಲೆಳೆಯಷ್ಟು ಹಸಿರು ಗೆರೆ ಕಾಣಿಸಿತು. ಬರುಬರುತ್ತಾ ಅಡ್ಡನರಗಳಿಗೂ ಹರಡಿತು. ಕಿಲುಬು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ತಾಮ್ರಕ್ಕೆ ತೇವ, ಹುಳಿ ಎರಡೂ ಸಿಕ್ಕಿದರೆ ಕಿಲುಬು ಹಿಡಿದೇ ಹಿಡಿಯುತ್ತದೆ. ಸಾಮಾನ್ಯ ಬಿಳಿ ಗೋಂದಿನಲ್ಲಿರುವುದು ಪಾಲಿವಿನೈಲ್ ಅಸಿಟೇಟ್, ಅದರಿಂದ ಸಣ್ಣಗೆ ಅಸಿಟಿಕ್ ಆಮ್ಲ ಬಿಡುಗಡೆಯಾಗುತ್ತದೆ. ಗೋಂದಿನಲ್ಲಿ ನೀರು ಹೇಗೂ ಇದೆ. ಗೋಂದು ಎಲ್ಲೆಲ್ಲಿ ದಪ್ಪಗೆ ನಿಂತಿತ್ತೋ ಅಲ್ಲೆಲ್ಲ ಹಸಿರು. ನರಗಳೂ ಆ ಬಣ್ಣವನ್ನು ಹೀರಿಕೊಂಡವು. ಎಲೆ ಕಿತ್ತರೆ ಚೂರುಚೂರು.

ಎರಡನೇ ಪ್ರಯತ್ನಕ್ಕೆ ಮೊದಲು ವಾರ್ನಿಶ್ ಬಳಿದೆ. ಲೋಹಕ್ಕೂ ಗೋಂದಿಗೂ ನಡುವೆ ಪದರ ಇದ್ದರೆ ಸಾಕು ಅನ್ನುವ ಲೆಕ್ಕಾಚಾರ. ಗೆರೆಗಳು ಬರಲಿಲ್ಲ, ಚುಕ್ಕೆಗಳು ಬಂದವು. ವಾರ್ನಿಶ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಉಳಿದಿರುತ್ತವೆ. ಅಲ್ಲಲ್ಲೇ ಹಸಿರು ಮೊಳೆಯಿತು, ಅದೂ ಪದರದ ಅಡಿಯಲ್ಲಿ, ಒರೆಸಲೂ ಆಗದ ಹಾಗೆ. ಎಪಾಕ್ಸಿ ಅಂಟು ಹಾಕಿ ನೋಡಿದೆ. ಕಿಲುಬು ನಿಂತಿತು, ಆದರೆ ಎಲೆಯ ಕಣ್ಣುಗಳಲ್ಲೆಲ್ಲ ಅಂಟು ತುಂಬಿಕೊಂಡು ಪ್ಲಾಸ್ಟಿಕ್ ಎಲೆಯ ಹಾಗೆ ಮಿರಮಿರ ಅನ್ನತೊಡಗಿತು. ಬಿಸಿಲು ತಾಗುವ ಬದಿ ಹಳದಿಯೂ ಆಯಿತು. ಕೊನೆಗೆ ಅಂಚಿನಲ್ಲಿ ಸಣ್ಣ ತೂತು ಕೊರೆಸಿ, ದಾರ ಕಟ್ಟಿ, ಎಲೆಯನ್ನು ತಟ್ಟೆಗೆ ತಾಗದಂತೆ ನಿಲ್ಲಿಸಿದೆ. ಕಿಲುಬಿಲ್ಲ, ಅಂಟೂ ಇಲ್ಲ. ಆದರೆ ದೀಪ ಹಾಕಿದರೆ ತಟ್ಟೆಯ ಹೊಳಪೇ ಕಣ್ಣಿಗೆ ಹೊಡೆಯುತ್ತದೆ, ಎಲೆ ಮಾಯ. ಎಲೆ ಕಾಣಬೇಕಾದರೆ ಹಿಂದೆ ಮಂಕಾದ ಮೈ ಬೇಕು. ಉಜ್ಜಿದ ಹಿತ್ತಾಳೆ ಅದನ್ನು ಕೊಡುವುದಿಲ್ಲ.

ಹಾಗಂತ ಹಿತ್ತಾಳೆ ಯಾವುದಕ್ಕೂ ಬಾರದ್ದು ಅಂತಲ್ಲ. ಎಲೆಯ ಆಸೆ ಬಿಟ್ಟರೆ ಅದಕ್ಕೆ ಅದರದೇ ದಾರಿ ಇದೆ. ಕಪ್ಪಾದ ತಟ್ಟೆಯ ಮೇಲೆ ಕಾಗದದ ಚಕ್ರವನ್ನಿಟ್ಟು ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಗೆರೆಗಳ ಒಳಗೆ ಮಾತ್ರ ಹುಣಸೆ ರಸದ ಹತ್ತಿಕಡ್ಡಿಯಿಂದ ಉಜ್ಜಿ. ಕಪ್ಪಿನ ನಡುವೆ ಹೊಳೆಯುವ ಚಕ್ರ ಮೂಡುತ್ತದೆ. ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ಮೇಣ ಸವರಿದರೆ ಬಹಳ ದಿನ ಇರುತ್ತದೆ. ಹುಳಿ ಉಳಿದರೆ ಮತ್ತೆ ಅದೇ ಕಥೆ.

ಮರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೋಟದಲ್ಲಿ ಎರಡನೇ ಸ್ಥಾನ, ಕಷ್ಟದಲ್ಲಿ ಮೊದಲನೆಯದು. ಹಳೇ ಕಿಟಕಿಯ ಹಲಗೆಯ ಕಂದು ಮೈ ಮೇಲೆ ಎಲೆ ನಿಜಕ್ಕೂ ಎದ್ದು ಕಾಣುತ್ತದೆ. ಗೋಂದಿನ ತಕರಾರೂ ಇಲ್ಲ. ಆದರೆ ತೂಕ ಜಾಸ್ತಿ, ಒಳಗೆ ಮುರಿದ ಮೊಳೆಗಳು, ಮೇಲೆ ಹಳೇ ಪೇಂಟು. ಹಳೇ ಎಣ್ಣೆ ಬಣ್ಣಗಳಲ್ಲಿ ಸೀಸ ಇರಬಹುದು, ಹಾಗಾಗಿ ಒಣಗಿರುವಾಗ ಉಪ್ಪುಕಾಗದ ಹಾಕಿ ಉಜ್ಜಬೇಡಿ. ಆ ಧೂಳು ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ಹಲಗೆಯ ಕೆಳಗೆ ನುಣ್ಣಗಿನ ಪುಡಿ ಉದುರುತ್ತಿದ್ದರೆ ಒಳಗೆ ಹುಳ ಇದೆ ಅಂತ ಅರ್ಥ, ಮನೆಯೊಳಗೆ ತರಲೇಬೇಡಿ.

ಇನ್ನು ಬಟ್ಟೆ.

ಬೌದ್ಧ ಭಿಕ್ಷುಗಳು ಉಡುವ ಬಟ್ಟೆ, ಅಂದರೆ ಚೀವರದ ಹುಟ್ಟೇ ಬಿಸಾಕಿದ ಬಟ್ಟೆಯಲ್ಲಿದೆ. ಕಸದ ರಾಶಿಯಿಂದ, ಸ್ಮಶಾನದಿಂದ ಆರಿಸಿ ತಂದ ಚಿಂದಿಗಳನ್ನು ಹೊಲಿದು, ಬಣ್ಣ ಕಟ್ಟಿ ಉಡುತ್ತಿದ್ದರು. ಅದಕ್ಕೆ ಪಾಂಸುಕೂಲ ಅನ್ನುತ್ತಾರೆ. ಮಗಧದ ಗದ್ದೆಗಳನ್ನು ತೋರಿಸಿ, ಹೀಗೆಯೇ ಬದುಗಳಿರುವಂತೆ ಚೀವರ ಹೊಲಿಯಲು ಆಗುತ್ತದಾ ಅಂತ ಬುದ್ಧ ತನ್ನ ಶಿಷ್ಯ ಆನಂದನನ್ನು ಕೇಳಿದ್ದು ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿದೆ. ಇವತ್ತಿಗೂ ಚೀವರದಲ್ಲಿ ಆ ಗದ್ದೆಬದುವಿನ ಹೊಲಿಗೆ ಇದೆ. ಹಳೇ ವಸ್ತುಗಳಿಂದ ಬೌದ್ಧ ಅಲಂಕಾರ ಮಾಡುತ್ತೇನೆ ಅಂದವರಿಗೆ ಇದಕ್ಕಿಂತ ಒಳ್ಳೆಯ ವಿನ್ಯಾಸ ಎಲ್ಲಿ ಸಿಗಬೇಕು? ನಾನು ಸವೆದ ಕಾಟನ್ ಸೀರೆ, ಹಳೇ ದಿಂಬಿನ ಕವರುಗಳನ್ನು ಉದ್ದ ಅಡ್ಡ ತುಂಡು ಮಾಡಿ, ನಡುವೆ ಕಿರಿದಾದ ಪಟ್ಟಿಗಳನ್ನು ಬದುವಿನ ಹಾಗೆ ಕೂಡಿಸಿ ಹೊಲಿದೆ.

ಬಣ್ಣಕ್ಕೂ ದಾರಿ ವಿನಯಪಿಟಕದಲ್ಲೇ ಇದೆ. ಬೇರು, ಮರ, ತೊಗಟೆ, ಎಲೆ, ಹೂವು, ಹಣ್ಣು ಈ ಆರರಿಂದ ಬಣ್ಣ ಮಾಡಿಕೊಳ್ಳಬಹುದು ಅಂತ ಅನುಮತಿ. ಥಾಯ್ಲೆಂಡಿನ ಕಾಡುವಾಸಿ ಭಿಕ್ಷುಗಳು ಹಲಸಿನ ಮರದ ತಿರುಳನ್ನು ಕುದಿಸಿ ಬಣ್ಣ ತೆಗೆಯುತ್ತಾರೆ. ನಾನು ದಾಳಿಂಬೆ ಸಿಪ್ಪೆ ಮತ್ತು ಈರುಳ್ಳಿ ಸಿಪ್ಪೆ ಬಳಸಿದೆ. ಬಟ್ಟೆಯನ್ನು ಮೊದಲು ಪಟಿಕದ ನೀರಿನಲ್ಲಿ ನೆನೆಸಿದರೆ ಬಣ್ಣ ಹಿಡಿದು ನಿಲ್ಲುತ್ತದೆ. ಪಾಲಿಯೆಸ್ಟರ್ ಬೆರೆತ ಬಟ್ಟೆ ಬಣ್ಣವನ್ನು ಸರಿಯಾಗಿ ಕುಡಿಯುವುದಿಲ್ಲ. ಒಂದು ದಾರ ಎಳೆದು ಸುಟ್ಟು ನೋಡಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತದೆ.

ಚಕ್ರಕ್ಕೆ ತೆಂಗಿನ ಗರಿಯ ಕಡ್ಡಿ. ನೀರಿನಲ್ಲಿ ನೆನೆಸಿದರೆ ಮುರಿಯದೆ ಬಾಗುತ್ತದೆ. ಬಟ್ಟೆಯ ಮೇಲಿಟ್ಟು ಅಡ್ಡಡ್ಡ ಹೊಲಿಗೆ ಹಾಕುತ್ತಾ ಹೋದರಾಯಿತು. ಎಲೆಯನ್ನೂ ಹಾಗೆಯೇ, ತೊಟ್ಟಿನಲ್ಲಿ ಎರಡು, ನಡುನರದ ಮೇಲೆ ನಾಲ್ಕೈದು, ಬಾಲದಲ್ಲಿ ಒಂದು ಹೊಲಿಗೆ. ಸೂಜಿ ನರದ ಪಕ್ಕದ ಕಣ್ಣಿನಲ್ಲಿ ಇಳಿಯಬೇಕು, ನರವನ್ನು ಚುಚ್ಚಬಾರದು. ಒಂದು ಹನಿ ಗೋಂದೂ ಬೇಡ! ಹಿತ್ತಾಳೆಯ ಜೊತೆ ಅಷ್ಟು ಗುದ್ದಾಡಿದವಳಿಗೆ ಇದೊಂದೇ ಸಾಕಾಗಿತ್ತು. ಎಲೆ ಹರಿದರೆ ದಾರ ಕತ್ತರಿಸಿ ಇನ್ನೊಂದು ಹೊಲಿದರಾಯಿತು.

ಬಟ್ಟೆಗೂ ಕುಂದು ಇದೆ. ಧೂಳು ಹಿಡಿಯುತ್ತದೆ, ಸಿಪ್ಪೆಯ ಬಣ್ಣ ಬಿಸಿಲಿಗೆ ಮಾಸುತ್ತದೆ. ಕೆಳಅಂಚಿನಲ್ಲಿ ಕೋಲು ತೂರಿಸದಿದ್ದರೆ ಸುರುಳಿ ಸುತ್ತಿಕೊಳ್ಳುತ್ತದೆ.

ನನಗೆ ಸಂಜೆ ಹೊತ್ತು ಸೂಜಿ ಹಿಡಿದು ಕೂರುವ ಅಭ್ಯಾಸ. ಮನೆಯಲ್ಲಿ ಡ್ರಿಲ್ ಇಲ್ಲ, ಹಲಗೆ ಉಜ್ಜುವಷ್ಟು ಜಾಗ ಇಲ್ಲ, ಮನೆಗೆ ತಂದ ಮೇಲೆ ಮತ್ತೆ ಮತ್ತೆ ದುಡ್ಡು ಸುರಿಯುವ ಕೆಲಸ ಇಷ್ಟವೂ ಇಲ್ಲ. ಹಿತ್ತಾಳೆಗೆ ಕೊಟ್ಟಿದ್ದಕ್ಕಿಂತ ಅದರ ವಾರ್ನಿಶ್, ಎಪಾಕ್ಸಿ, ತೂತಿನ ಕೂಲಿಗೆ ಹೆಚ್ಚು ಹೋಯಿತು. ಬಟ್ಟೆಗೆ ಹೋಗಿದ್ದು ಪಟಿಕ ಮತ್ತು ದಾರಕ್ಕೆ ಮಾತ್ರ. ನಿಮಗೆ ಬಡಗಿ ಕೆಲಸ ಗೊತ್ತಿದ್ದರೆ, ಗೋಡೆ ಗಟ್ಟಿ ಇದ್ದರೆ ಮರವನ್ನೇ ಹಿಡಿಯಿರಿ, ಚೆನ್ನಾಗಿಯೇ ಬರುತ್ತದೆ. ಬರೀ ಚಕ್ರ ಸಾಕು, ಎಲೆ ಬೇಡ ಅನ್ನುವವರಿಗೆ ಹಿತ್ತಾಳೆ. ಎಲೆಯೇ ಮುಖ್ಯ ಅಂದರೆ ಬಟ್ಟೆ. ಕಿಟಕಿಯ ಎದುರು ಮಾತ್ರ ಹಾಕಬೇಡಿ, ಧೂಳು ತೆಗೆಯಲು ಹೊಡೆಯಬೇಡಿ, ಒಣಗಿದ ಮೆತ್ತನೆ ಬ್ರಷ್ ಆಡಿಸಿ.