ಎಂಟು ವರ್ಷ ಬಳಸಿದ ಫ್ರಂಟ್ ಲೋಡ್ ವಾಷಿಂಗ್ ಮಷೀನ್: ಒಗೆಯುವುದಕ್ಕೆ ನಾಲ್ಕು ಅಂಕ, ರಿಪೇರಿಗೆ ಎರಡು

2017ರ ನವೆಂಬರ್‌ನಲ್ಲಿ ತುಮಕೂರಿನ ನಮ್ಮ ಮನೆಗೆ ಏಳು ಕಿಲೋ ಸಾಮರ್ಥ್ಯದ ಫ್ರಂಟ್ ಲೋಡ್ ವಾಷಿಂಗ್ ಮಷೀನ್ ಒಂದನ್ನು 26,500 ರೂಪಾಯಿಗೆ ತಂದೆವು. ಮನೆಯಲ್ಲಿ ಐದು ಜನ, ಮಷೀನ್ ವಾರಕ್ಕೆ ನಾಲ್ಕೈದು ಸಲ ಓಡುತ್ತದೆ, ನೀರು ಬೋರ್‌ವೆಲ್ಲಿನದು. ಬಟ್ಟೆ ಚೆನ್ನಾಗಿ ಒಗೆಯುತ್ತದೆ, ನೀರು ಕಡಿಮೆ ಸಾಕು, ಮೊದಲ ಆರು ವರ್ಷ ಪಕ್ಕದ ಕೋಣೆಗೂ ಸದ್ದು ಕೇಳುತ್ತಿರಲಿಲ್ಲ. ಆದರೆ ಇವೆಲ್ಲ ಕೊಂಡ ತಿಂಗಳಲ್ಲೇ ಬರೆಯಬಹುದಾದ ಮಾತುಗಳು. ವಾರಂಟಿ ಮುಗಿದ ಮೇಲೆ ಮಷೀನ್ ಹೇಗೆ ನಡೆದುಕೊಳ್ಳುತ್ತದೆ, ಅದಕ್ಕಿಂತ ಹೆಚ್ಚಾಗಿ ಅದನ್ನು ಮಾಡಿದವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ದಾಖಲಿಸುವುದು ಈ ವಿಮರ್ಶೆಯ ಉದ್ದೇಶ. ನಾನು ಮುಂದೆ ದೂರುವ, ಬಿಚ್ಚಲು ಬಾರದ ಟಬ್ಬಿನ ರಚನೆ ಒಂದೇ ಕಂಪನಿಯದಲ್ಲವಾದ್ದರಿಂದ ಹೆಸರು ಬರೆಯುತ್ತಿಲ್ಲ.

ಇಡೀ ಮಷೀನಿಗೆ ಎರಡು ವರ್ಷ, ಮೋಟಾರಿಗೆ ಹತ್ತು ವರ್ಷ ವಾರಂಟಿ ಎಂದು ಮುಂಭಾಗದಲ್ಲಿ ದೊಡ್ಡ ಚೀಟಿ ಅಂಟಿಸಿದ್ದರು. ಮೋಟಾರು ಇಂದಿನವರೆಗೆ ಕೆಟ್ಟಿಲ್ಲ. ಕೆಟ್ಟದ್ದೆಲ್ಲ ಚೀಟಿಯಲ್ಲಿ ಇಲ್ಲದ ಭಾಗಗಳೇ. 2020ರಲ್ಲಿ ಸೀರೆಯ ಪಿನ್ನೊಂದು ಸಿಕ್ಕಿ ಡ್ರೇನ್ ಪಂಪ್ ಸುಟ್ಟಿತು. ನಮ್ಮ ಬಡಾವಣೆಯ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಬೇರೆ ಪಂಪ್ ಹಾಕಿ, ಎಲ್ಲ ಸೇರಿ 1,100 ರೂಪಾಯಿ ತೆಗೆದುಕೊಂಡರು. 2022ರಲ್ಲಿ ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಹರಿಯಿತು. ಅದು ಹೊರಗೆ ಸಿಗುವ ಅಳತೆಯದಲ್ಲ, ಕಂಪನಿಯಿಂದಲೇ ಬರಬೇಕು. ಅಧಿಕೃತ ಸರ್ವೀಸ್ ಸೆಂಟರ್‌ನವರು ‘ಸ್ಟಾಕ್ ಇಲ್ಲ’ ಎಂದು ಆರು ವಾರ ಹೇಳಿದರು. ಅಷ್ಟೂ ದಿನ ಮಷೀನಿನ ಕೆಳಗೆ ಹಳೆಯ ಟವೆಲ್ ಹಾಸಿ ಕೆಲಸ ತೆಗೆದೆವು. ಕೊನೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ದೂರು ಬರೆಸಿದೆ. ನಾಲ್ಕನೆಯ ದಿನ ಕಂಪನಿಯಿಂದ ಫೋನ್ ಬಂತು, ಮರುವಾರ ಗ್ಯಾಸ್ಕೆಟ್ ಬಂತು. ಸಹಾಯವಾಣಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ಅದು ವ್ಯಾಜ್ಯಕ್ಕೆ ಮೊದಲು ದೂರನ್ನು ಕಂಪನಿಗೆ ಮುಟ್ಟಿಸುವ ವ್ಯವಸ್ಥೆ ಮಾತ್ರ. ಆದರೂ ಈ ಎಂಟು ವರ್ಷಗಳಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ನಾಲ್ಕು ಅಂಕಿಗಳೇ.

ನಿಜವಾದ ಪರೀಕ್ಷೆ 2024ರ ಡಿಸೆಂಬರ್‌ನಲ್ಲಿ ಬಂತು. ಹಿಂಡುವ ಹೊತ್ತಿಗೆ ಮಷೀನ್ ಮರಳು ಅರೆಯುವಂತೆ ಗರಗರ ಎನ್ನತೊಡಗಿತು. ಡ್ರಮ್ಮನ್ನು ಕೈಯಿಂದ ಎತ್ತಿ ಅಲುಗಾಡಿಸಿದರೆ ಅರ್ಧ ಬೆರಳಿನಷ್ಟು ಆಡುತ್ತಿತ್ತು. ಬೇರಿಂಗ್ ಹೋಗಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಬೇರಿಂಗ್ ಎಂದರೆ ಡ್ರಮ್ಮಿನ ಅಚ್ಚು ಸರಾಗವಾಗಿ ತಿರುಗುವಂತೆ ಹಿಡಿದಿರುವ, ಯಾವ ಆಟೋಮೊಬೈಲ್ ಅಂಗಡಿಯಲ್ಲೂ ಸಿಗುವ, ಮೇಲೆ ನಂಬರು ಕೊರೆದಿರುವ, ಕೆಲವು ನೂರು ರೂಪಾಯಿಯ ವಸ್ತು. ಆದರೆ ಅಧಿಕೃತ ತಂತ್ರಜ್ಞರು ಕೊಟ್ಟ ಅಂದಾಜು ಹತ್ತಿರ ಹತ್ತಿರ 14,000 ರೂಪಾಯಿ. ಬೇರಿಂಗ್ ಕೂತಿರುವ ಹೊರಗಿನ ಪ್ಲಾಸ್ಟಿಕ್ ಟಬ್‌ನ ಎರಡು ಹೋಳುಗಳನ್ನು ಕಾರ್ಖಾನೆಯಲ್ಲೇ ಬೆಸೆದಿರುವುದರಿಂದ ಅದನ್ನು ಬಿಚ್ಚಲು ಬರುವುದಿಲ್ಲ; ಟಬ್, ಡ್ರಮ್, ಬೇರಿಂಗ್ ಎಲ್ಲ ಒಂದೇ ‘ಅಸೆಂಬ್ಲಿ’ಯಾಗಿ ಬರುತ್ತದೆ, ಬೇಕಾದರೆ ಅಷ್ಟನ್ನೂ ಕೊಳ್ಳಬೇಕು. ಇದರ ಬದಲು ಹೊಸ ಮಷೀನ್ ತೆಗೆದುಕೊಳ್ಳುವುದು ಲೇಸು, ಎಕ್ಸ್‌ಚೇಂಜ್ ಆಫರ್ ಇದೆ ಎಂದು ಅವರೇ ಸಲಹೆಯನ್ನೂ ಕೊಟ್ಟರು.

ನಾನು ಪಂಪ್ ಹಾಕಿದ ಹಳೆಯ ಮೆಕ್ಯಾನಿಕ್‌ ಅವರನ್ನೇ ಕರೆಸಿದೆ. ಅವರು ಟಬ್ಬನ್ನು ಹೊರಗೆ ತೆಗೆದು ವರಾಂಡದಲ್ಲಿ ಮಲಗಿಸಿ, ಮೊದಲು ಬೆಸುಗೆಯ ಅಂಚಿನ ಸುತ್ತ ಗೇಣಿಗೊಂದರಂತೆ ತೂತು ಕೊರೆದರು. ಅನಂತರವೇ ಗರಗಸದ ಬ್ಲೇಡಿನಿಂದ ಬೆಸುಗೆಯ ಗೆರೆಯ ಮೇಲೆ ಕುಯ್ಯತೊಡಗಿದರು. ಆ ತೂತುಗಳಲ್ಲಿ ಬೋಲ್ಟು ಹಾಕಿ ಮತ್ತೆ ಜೋಡಿಸುವಾಗ ಹೋಳುಗಳು ಕೂದಲೆಳೆಯಷ್ಟೂ ಆಚೀಚೆ ಆಗಬಾರದು, ಅದಕ್ಕೇ ತೂತು ಮೊದಲು, ಕುಯ್ಯುವುದು ಆಮೇಲೆ. ಒಳಗೆ ಆಯಿಲ್ ಸೀಲ್ ಸವೆದು ಬೇರಿಂಗಿಗೆ ನೀರು ನುಗ್ಗಿ, ಗ್ರೀಸ್ ಇರಬೇಕಾದಲ್ಲಿ ಕಾಫಿ ಗಸಿಯಂಥ ತುಕ್ಕು ತುಂಬಿತ್ತು. ಡ್ರಮ್ಮಿನ ಹಿಂದೆ ಮೂರು ಕೈ ಚಾಚಿ ಅದನ್ನು ಹಿಡಿದಿರುವ ಅಲ್ಯೂಮಿನಿಯಂ ಸ್ಪೈಡರ್ ಗಡಸು ನೀರು ಮತ್ತು ಸೋಪಿನ ಪುಡಿಗೆ ತಿಂದುಹೋಗಿ ಬಿಳಿ ಹಿಟ್ಟು ಬಿಡುತ್ತಿತ್ತು. “ಸಾರ್, ಇದು ಇನ್ನೆರಡು ವರ್ಷ ತಡೀಬಹುದು, ಆಮೇಲೆ ನನ್ನ ಬೈಕೋಬೇಡಿ” ಎಂದರು. ಎರಡು ಬೇರಿಂಗ್, ಒಂದು ಸೀಲ್, ಸಿಲಿಕಾನ್ ಅಂಟು, ಸ್ಟೀಲ್ ಬೋಲ್ಟುಗಳು, ಇಡೀ ದಿನದ ಕೂಲಿ ಎಲ್ಲ ಸೇರಿ 3,800 ರೂಪಾಯಿ. ಅಂಟು ಒಣಗಲೆಂದು ಒಂದು ದಿನ ಬಿಟ್ಟು ಓಡಿಸಿದೆವು. ಅಂದಿನಿಂದ ಒಂದು ಹನಿ ಸೋರಿಲ್ಲ.

ಬಿಡಿಭಾಗ ಕೊಡಬೇಕೆಂಬ ಕಾನೂನು ನಮ್ಮಲ್ಲಿದ್ದರೆ ಇಷ್ಟೆಲ್ಲ ಪಾಡು ಪಡಬೇಕಿರಲಿಲ್ಲ ಎಂದು ಆಗ ಅನಿಸಿದ್ದರಿಂದ ಬೇರೆ ದೇಶಗಳ ನಿಯಮಗಳನ್ನು ಓದಿ ನೋಡಿದೆ. ಯುರೋಪ್ ಒಕ್ಕೂಟದಲ್ಲಿ 2021ರ ಮಾರ್ಚ್ 1ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ವಾಷಿಂಗ್ ಮಷೀನಿನ ಒಂದು ಮಾದರಿಯ ಕೊನೆಯ ಘಟಕ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 10 ವರ್ಷ ಮೋಟಾರು, ಪಂಪ್, ಹೀಟರ್, ಸರ್ಕ್ಯೂಟ್ ಬೋರ್ಡ್ ಮೊದಲಾದವು ವೃತ್ತಿನಿರತ ರಿಪೇರಿಗಾರರಿಗೆ ಸಿಗಬೇಕು. ಬಾಗಿಲು, ಗ್ಯಾಸ್ಕೆಟ್, ಸೋಪಿನ ಡ್ರಾಯರ್‌ಗಳಂಥವು ಗ್ರಾಹಕರಿಗೂ ನೇರವಾಗಿ ಸಿಗಬೇಕು. ಆರ್ಡರ್ ಬಂದ 15 ಕೆಲಸದ ದಿನಗಳೊಳಗೆ ತಲುಪಿಸಬೇಕು. ನಮ್ಮ ಗ್ಯಾಸ್ಕೆಟ್ಟಿನ ಪ್ರಕರಣ ಅಲ್ಲಿ ಮೂರು ವಾರಕ್ಕೆ ಮುಗಿಯುತ್ತಿತ್ತು. ಆದರೆ ಅದೇ ಪಟ್ಟಿಯಲ್ಲಿ ಡ್ರಮ್, ಸ್ಪೈಡರ್, ಬೇರಿಂಗ್‌ಗಳ ಮುಂದೆ ‘ಬಿಡಿಯಾಗಿ ಅಥವಾ ಒಟ್ಟಾಗಿ’ ಎಂದು ಕಂಸದಲ್ಲಿ ಬರೆದಿದ್ದಾರೆ. ಅಂದರೆ ನನಗೆ 14,000 ರೂಪಾಯಿ ಹೇಳಿದ ಆ ಅಸೆಂಬ್ಲಿ ಪದ್ಧತಿಗೆ ಅಲ್ಲಿಯೂ ಬಾಗಿಲು ತೆರೆದೇ ಇದೆ. ಈ ಲೋಪವನ್ನು ಪೂರ್ತಿ ಅಲ್ಲದಿದ್ದರೂ ಸ್ವಲ್ಪ ಮಟ್ಟಿಗೆ ಮುಚ್ಚುವಂತೆ ಕಾಣುವುದು 2024ರಲ್ಲಿ ಅಂಗೀಕರಿಸಿ 2026ರ ಜುಲೈ 31ರಿಂದ ಅನ್ವಯವಾಗುವಂತೆ ಗೊತ್ತುಪಡಿಸಿದ ಹೊಸ ನಿರ್ದೇಶನ: ಬಿಡಿಭಾಗದ ಬೆಲೆ ರಿಪೇರಿಗೇ ಮನಸ್ಸು ಹಿಂಜರಿಯುವಂತೆ ಇರಕೂಡದು ಎಂದು ಅದು ಹೇಳುತ್ತದೆ.

ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕರ ಹಕ್ಕುಗಳನ್ನು ಪಟ್ಟಿ ಮಾಡುತ್ತದೆ, ಆದರೆ ರಿಪೇರಿಯ ಹಕ್ಕನ್ನು ಪ್ರತ್ಯೇಕವಾಗಿ ಹೆಸರಿಸುವುದಿಲ್ಲ. ಒಂದು ವಸ್ತು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎನ್ನುವುದನ್ನು ಅದು ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಬೇರಿಂಗ್ ಕೇಳಿದವನಿಗೆ ಟಬ್ ಮಾರುವುದು ಅದರಡಿ ಬರಬೇಕೆಂಬುದು ನನ್ನ ವಾದವೇ ಹೊರತು ತೀರ್ಪಲ್ಲ. 2022ರ ಡಿಸೆಂಬರ್ 24ರಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಆರಂಭಿಸಿದ ರಿಪೇರಿ ಹಕ್ಕಿನ ಪೋರ್ಟಲ್ ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಿಭಾಗಗಳಲ್ಲಿ ಕಂಪನಿಗಳ ಸರ್ವೀಸ್ ಮತ್ತು ವಾರಂಟಿ ವಿವರಗಳನ್ನು ಒಂದೆಡೆ ತಂದಿದೆ. ಕೊಳ್ಳುವ ಮೊದಲು ನೋಡಲು ಅದು ಒಳ್ಳೆಯದು. ಆದರೆ ಇಷ್ಟು ದಿನದೊಳಗೆ, ಇಷ್ಟು ವರ್ಷದವರೆಗೆ ಎಂಬ ಕಟ್ಟುಪಾಡು ಅದರಲ್ಲಿಲ್ಲ. ರಿಪೇರಿಗೆ ಅಂಕ ಕೊಡುವ ಸೂಚ್ಯಂಕದ ಬಗ್ಗೆ ಇಲಾಖೆ ನೇಮಿಸಿದ ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿದೆ. ಫ್ರಾನ್ಸಿನಲ್ಲಿ ಇಂಥ ಅಂಕ 2021ರಿಂದಲೇ ಅಂಗಡಿಯಲ್ಲಿ ಬೆಲೆಯ ಪಕ್ಕದಲ್ಲಿ ಕಾಣುತ್ತಿದೆ, ಹತ್ತಕ್ಕೆ ಇಷ್ಟು ಎಂದು. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗದ ಬೆಲೆ ಎಷ್ಟು ಎಂಬುದೆಲ್ಲ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ. ಫ್ರಿಜ್ ಕೊಳ್ಳುವಾಗ ನಕ್ಷತ್ರ ಎಣಿಸಲು ಕಲಿತ ನಮ್ಮ ಜನರಿಗೆ ಇದು ಕಷ್ಟವಾಗಲಾರದು.

ಕಳೆದ ತಿಂಗಳು ತಂಗಿಯ ಮನೆಗೆ ಮಷೀನ್ ಕೊಳ್ಳಲು ಹೋದಾಗ ಟಬ್ ಬೋಲ್ಟಿನದೋ ಬೆಸುಗೆಯದೋ ಎಂದು ಕೇಳಿದೆ. ಅಂಗಡಿಯ ಹುಡುಗನಿಗೆ ಗೊತ್ತಿರಲಿಲ್ಲ, ಆದರೆ ಉತ್ಸಾಹಿ; ಪ್ರದರ್ಶನಕ್ಕಿಟ್ಟ ಮೂರು ಮಷೀನ್‌ಗಳನ್ನು ತಿರುಗಿಸಿ ಹಿಂಬದಿಯ ಮುಚ್ಚಳ ಬಿಚ್ಚಿದ. ಮೊಬೈಲ್ ಟಾರ್ಚಿನಲ್ಲಿ ಇಬ್ಬರೂ ಇಣುಕಿದೆವು. ಎರಡರಲ್ಲಿ ನುಣುಪಾದ ಬೆಸುಗೆಯ ಗೆರೆ, ಮೂರನೆಯದರಲ್ಲಿ ಸುತ್ತಲೂ ಬೋಲ್ಟುಗಳ ಸಾಲು. ಅದಕ್ಕೆ 2,500 ರೂಪಾಯಿ ಹೆಚ್ಚು. ತಂಗಿ ಅದನ್ನೇ ತೆಗೆದುಕೊಂಡಳು.